ಬರೀ ಹಾಲು ಅಂದರೆ ಯಾವ ಹಾಲು

ಹನ್ನೆರಡನೇ ನಂಬರಿನ ಬಸ್ಸಿನ ಕಂಡಕ್ಟರಮ್ಮನಿಗೆ ಆ ದಾರಿಯ ಜನ ಇಟ್ಟ ಹೆಸರು ಹೋಲ್ಡಾನಕ್ಕ. ಬಸ್ಸು ನಿಲ್ಲಿಸಲು ಹೋಲ್ಡಾನ್ ಅನ್ನದ ಕಂಡಕ್ಟರು ಯಾರಿದ್ದಾರೆ? ಆದರೆ ಇವಳು ಅಂದರೆ ಹಿಂದೆ ಬರುವ ಲಾರಿಯವನೂ ಬ್ರೇಕು ಒತ್ತುತ್ತಾನೆ ಎಂದು ಡ್ರೈವರಣ್ಣ ತಮಾಷೆ ಮಾಡುತ್ತಿದ್ದ. ಹೆಸರು ಬಂದದ್ದು ಮಾತ್ರ ಬೇರೆ ಕಾರಣಕ್ಕೆ. ಆರು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ವಾರ, ಇಸ್ತ್ರಿ ಅಂಗಿಯ ಒಬ್ಬ ಗಂಡಸು ನೂಕುನುಗ್ಗಲಿನ ನೆಪದಲ್ಲಿ ಮೂರು ಸಲ ಇವಳ ಸೊಂಟಕ್ಕೆ ಕೈ ತಗುಲಿಸಿದ. ಮೂರನೆಯ ಸಲಕ್ಕೆ ಇವಳು ಹೋಲ್ಡಾನ್ ಅಂದಳು. ಬಸ್ಸು ನಿಂತಿತು. “ಇವರು ಇಳಿಯೋವರೆಗೂ ರೈಟ್ ಇಲ್ಲ” ಅಂದಳು. ಆತ ಇಳಿಯಲಿಲ್ಲ. ಇಪ್ಪತ್ತು ನಿಮಿಷ ಬಸ್ಸು ಅಲ್ಲಾಡಲಿಲ್ಲ. ಕೊನೆಗೆ ಆಫೀಸಿಗೆ ಹೊತ್ತಾದ ಜನವೇ ಆತನನ್ನು ಹೆಚ್ಚುಕಡಿಮೆ ಎತ್ತಿ ಕೆಳಗಿಟ್ಟರು. ಅಂದಿನಿಂದ ಆ ಬಸ್ಸಿನಲ್ಲಿ ಕೈಗಳೆಲ್ಲ ಕಂಬಿಯ ಮೇಲೇ ಇರುತ್ತವೆ.

ಐದು ತಿಂಗಳ ಹಿಂದೆ ಇವಳಿಗೆ ಹೆಣ್ಣು ಮಗು ಹುಟ್ಟಿತು. ಹುಟ್ಟಿತು ಅನ್ನುವುದಕ್ಕಿಂತ ಕೊಯ್ದು ತೆಗೆದರು ಅನ್ನಬೇಕು. ಒಂದೂವರೆ ದಿನ ನೋವು ತಿಂದ ಮೇಲೆ ಗರ್ಭಕೋಶ ಒಂದು ಕಡೆ ಬಿರಿಯಿತು. ರಕ್ತ ನಿಲ್ಲಲಿಲ್ಲ. ನಾಲ್ಕು ಬಾಟಲಿ ರಕ್ತ ಏರಿಸಿ, ಹೊಲಿಗೆ ಹಾಕಿ, ಹೆಂಗಸನ್ನು ಉಳಿಸಿಕೊಂಡರು. ವಾರ್ಡಿನಿಂದ ಮನೆಗೆ ಕಳಿಸುವ ದಿನ ಡಾಕ್ಟರಮ್ಮ ಗಂಡನನ್ನು ಮಂಚದ ಪಕ್ಕಕ್ಕೇ ಕರೆಸಿ, ಇವಳಿಗೂ ಕೇಳುವ ಹಾಗೆ ಹೇಳಿದರು. “ಎರಡು ವರ್ಷ ಇನ್ನೊಂದರ ಮಾತೇ ಬೇಡ. ಅಷ್ಟರೊಳಗೆ ಬಸಿರಾದರೆ ಈ ಹೊಲಿಗೆ ಬಿಟ್ಟುಕೊಳ್ಳಬಹುದು. ಬಿಟ್ಟುಕೊಂಡರೆ ಇವರೂ ಇರಲ್ಲ, ಹೊಟ್ಟೆಯೊಳಗಿನದೂ ಇರಲ್ಲ. ತಿಳೀತಾ?” ಗೇಟು, ಗ್ರಿಲ್ಲು ಬೆಸುಗೆ ಹಾಕುವ ಆ ಗಂಡನಿಗೆ ಹೊಲಿಗೆ ಬಿಟ್ಟುಕೊಳ್ಳುವುದು ಅಂದರೆ ಏನೆಂದು ಇನ್ನೊಬ್ಬರು ವಿವರಿಸಬೇಕಿರಲಿಲ್ಲ. ಮುಖ ಬೂದಿಯಾಯಿತು.

ಆ ಹೊತ್ತಿಗೆ ಧೈರ್ಯ ಕೊಟ್ಟವಳು ವಾರ್ಡಿನ ನರ್ಸಮ್ಮ. ಹನ್ನೆರಡು ಬಾಣಂತಿಯರು, ಹನ್ನೆರಡು ಅತ್ತೆಯೋ ಅಮ್ಮನೋ, ಅಳುವ ಹನ್ನೆರಡು ಕೂಸು, ಕಟಕಟ ಅನ್ನುವ ಒಂದು ಫ್ಯಾನು. ಇದೆಲ್ಲದರ ಮೇಲೆ ಗಂಟಲೇರಿಸಿ ಅವಳು ಹೇಳಿದ್ದು ಇಷ್ಟು: “ಎಲ್ಲರೂ ಕೇಳಿಸ್ಕೊಳ್ಳಿ. ಆರು ತಿಂಗಳು ಬರೀ ಹಾಲು. ನೀರು ಬೇಡ, ಗಂಜಿ ಬೇಡ, ಸಕ್ಕರೆ ನೀರೂ ಬೇಡ. ಹಾಗೆ ಮಾಡಿದ್ರೆ, ಮುಟ್ಟು ವಾಪಸ್ ಬಂದಿಲ್ಲ ಅಂದ್ರೆ, ಆ ಆರು ತಿಂಗಳು ಇನ್ನೊಂದು ಬಸಿರು ನಿಲ್ಲಲ್ಲ. ಆಮೇಲೆ ಇಲ್ಲಿಗೆ ಬಂದು ಬೇರೆ ವ್ಯವಸ್ಥೆ ಮಾಡ್ಕೊಳ್ಳಿ.”

ಇವಳ ಅತ್ತೆ ಅದನ್ನು ಬಾಯಿಪಾಠ ಮಾಡಿಕೊಂಡರು. ಅಕ್ಷರ ಬಾರದ ಹೆಂಗಸು. ಕೇಳಿದ್ದನ್ನು ಮರೆಯುವ ಸವಲತ್ತು ಅವರಿಗೆ ಇರಲಿಲ್ಲ. ಸೆಖೆಗೆ ಕೂಸಿನ ಬಾಯಿ ಒಣಗಿದೆ ಎಂದು ಪಕ್ಕದ ಮನೆಯವಳು ಒಂದು ಚಮಚ ನೀರು ತಂದಾಗ, “ಬರೀ ಹಾಲು ಅಂದಿದಾರೆ. ನಿನ್ನ ಚಮಚ ಎತ್ಕೊಂಡು ನಡಿ” ಎಂದು ಬಾಗಿಲಲ್ಲೇ ತಿರುಗಿಸಿದರು. ಮೂರು ತಿಂಗಳಿಗೆ ಸೊಸೆಯ ರಜೆ ಮುಗಿದು ಡ್ಯೂಟಿಗೆ ಹೊರಟಳು. ಬೆಳಿಗ್ಗೆ ಐದೂವರೆಗೆ ಮನೆ ಬಿಟ್ಟರೆ ಮರಳುವುದು ಮೂರಕ್ಕೆ. ಆ ಒಂಬತ್ತು ಚಿಲ್ಲರೆ ಗಂಟೆಗೆ ಅತ್ತೆ ಪಾಕೆಟ್ ಹಾಲು ತರಿಸಿ, ಮೂರು ಉಕ್ಕು ಬರಿಸಿ, ಕೆನೆ ಸೋಸಿ, ಆರಿಸಿ, ಬಾಟಲಿಗೆ ತುಂಬಿ ಕುಡಿಸಿದರು. ಒಂದು ಹನಿ ನೀರು ಬೆರೆಸಲಿಲ್ಲ. ಬೆರೆಸಿದರೆ ಅದು ಬರೀ ಹಾಲು ಹೇಗಾದೀತು?

ಸೊಸೆಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಗಂಡ ಹೆಂಡತಿ ನಿಶ್ಚಿಂತೆಯಿಂದ ಜೊತೆಯಾಗಿದ್ದರು. ಮುಟ್ಟು ಬಂದಿರಲಿಲ್ಲ, ಮಗುವಿಗೆ ಹಾಲು ಬಿಟ್ಟು ಬೇರೇನೂ ಹೋಗಿರಲಿಲ್ಲ, ಆರು ತಿಂಗಳು ತುಂಬಿರಲಿಲ್ಲ. ಇನ್ನೇನು ಬೇಕು?

ಆ ನರ್ಸಮ್ಮ ದಿನಾ ಬೆಳಿಗ್ಗೆ ಇದೇ ಹನ್ನೆರಡನೇ ನಂಬರಿನಲ್ಲಿ ಆಸ್ಪತ್ರೆಗೆ ಹೋಗುವವಳು. ಹೆಂಗಸರ ಸೀಟಿನ ಕಡೆಯ ಕಂಬಿ ಅವಳ ಖಾಯಂ ಜಾಗ. ಒಂದು ಮಂಗಳವಾರ ರೈಲ್ವೆ ಗೇಟು ಬಿದ್ದು ಬಸ್ಸು ನಿಂತಿತ್ತು. ಟಿಕೆಟ್ಟು ಹರಿದು ಮುಗಿದಿತ್ತು.

“ಹೇಗಿದಾಳೆ ಮಗಳು?” ಎಂದು ನರ್ಸಮ್ಮ ಕೇಳಿದಳು.

“ಗುಂಡಗಿದಾಳೆ ಅಕ್ಕ. ನೀವು ಹೇಳಿದ್ದನ್ನ ಚಾಚೂ ತಪ್ಪದೆ ಮಾಡ್ತಿದೀವಿ. ಬರೀ ಹಾಲು. ಒಂದು ಹನಿ ನೀರು ಬಾಯಿಗೆ ಹಾಕಿಲ್ಲ.”

“ಭೇಷ್. ಡ್ಯೂಟಿ ಇದ್ದಾಗ ಹೇಗೆ? ಹಿಂಡಿಟ್ಟು ಬರ್ತೀಯಾ?”

“ಏನನ್ನ ಹಿಂಡೋದು?”

“ಹಾಲು ಕಣಮ್ಮ.”

“ಪಾಕೆಟ್ ಹಾಲನ್ನ ಯಾರು ಹಿಂಡ್ತಾರೆ ಅಕ್ಕ, ಮೂಲೆ ಕತ್ತರಿಸಿ ಸುರಿಯೋದು” ಎಂದು ಕಂಡಕ್ಟರಮ್ಮ ನಕ್ಕಳು.

ನರ್ಸಮ್ಮ ನಗಲಿಲ್ಲ. ಕಂಬಿ ಬಿಟ್ಟು ಹತ್ತಿರ ಬಂದಳು. “ಪಾಕೆಟ್ ಹಾಲಾ? ಯಾವಾಗಿಂದ?”

“ಡ್ಯೂಟಿಗೆ ಬಂದಾಗಿಂದ. ಎರಡು ತಿಂಗಳಾಯ್ತು.”

“ಮುಟ್ಟು?”

“ಇನ್ನೂ ಇಲ್ಲ. ಅದಕ್ಕೇ ಅಲ್ವಾ ಧೈರ್ಯ.”

“ಮನೆಯವರ ಜೊತೆ...?”

ಕಂಡಕ್ಟರಮ್ಮ ಟಿಕೆಟ್ ಮೆಶೀನಿನ ಕಡೆ ನೋಡಿದಳು. ಕಿವಿ ಬಿಸಿಯಾಯಿತು. ಹಿಂದಿನ ಸೀಟಿನ ಮುದುಕ ಕತ್ತು ಉದ್ದ ಮಾಡಿದ್ದ. “ಏನಜ್ಜ, ನಿಮಗೂ ಒಂದು ಟಿಕೆಟ್ ಹರೀಲಾ ಈ ಮಾತಿಗೆ?” ಅಂದಳು. ಮುದುಕ ಕಿಟಕಿಯ ಕಡೆ ತಿರುಗಿದ.

“ಕೊನೇದು ಯಾವತ್ತು?” ನರ್ಸಮ್ಮನ ದನಿ ತೀರ ತಗ್ಗಿತ್ತು.

“ಹತ್ತು ದಿನ ಆಯ್ತು.”

ಗೇಟು ಎದ್ದಿತು. ಡ್ರೈವರಣ್ಣ ಕನ್ನಡಿಯಲ್ಲಿ ಇವಳನ್ನೇ ನೋಡುತ್ತ ರೈಟ್‌ಗೆ ಕಾಯುತ್ತಿದ್ದ. ಹಿಂದಿನ ಗಾಡಿಗಳು ಹಾರನ್ನು ಬಡಿದವು. ನರ್ಸಮ್ಮ, “ಡ್ಯೂಟಿ ಮುಗಿಸಿ ನೇರ ನನ್ನ ಹತ್ರ ಬಾ, ಮನೆಗೆ ಹೋಗ್ಬೇಡ” ಅಂದಳು. ಆಗ ಇವಳಿಗೆ ಹೊಲಿಗೆ ಹಾಕಿದ ಜಾಗದ ಮೇಲೆ ಚರ್ಮದ ಚೀಲದ ಭಾರ ಬಿದ್ದಿರುವುದು ಗೊತ್ತಾಯಿತು. ಎರಡು ತಿಂಗಳಿಂದ ಅಲ್ಲೇ ಬೀಳುತ್ತಿತ್ತು. ಇವತ್ತು ಗೊತ್ತಾಯಿತು.

ಆಸ್ಪತ್ರೆಯ ಆ ಕೋಣೆ ಒಂದು ಮೇಜು, ಎರಡು ಕುರ್ಚಿ, ಹಸಿರು ಪರದೆಯ ಹಿಂದೆ ಒಂದು ಮಂಚ, ಅಷ್ಟೇ. ನರ್ಸಮ್ಮ ಮೊದಲು ಡಬ್ಬಿ ಕೊಟ್ಟು ಮೂತ್ರ ತರಿಸಿ, ಬಿಳಿ ಪಟ್ಟಿಯ ಮೇಲೆ ಮೂರು ಹನಿ ಬಿಟ್ಟಳು. ಇಬ್ಬರೂ ಗೋಡೆ ಗಡಿಯಾರ ನೋಡುತ್ತ ಕೂತರು. ಒಂದು ಗೆರೆ ಬಂತು. ಎರಡನೆಯದು ಬರಲಿಲ್ಲ.

“ಹಾಗಾದ್ರೆ ಇಲ್ಲ ಅಲ್ವಾ?”

“ತಡಿ. ಹಳೇದಕ್ಕೆಲ್ಲ ಇದು ಉತ್ತರ. ಹತ್ತು ದಿನದ ಹಿಂದಿನದಕ್ಕೆ ಇದು ಉತ್ತರ ಹೇಳಲ್ಲ. ಕೊನೆ ಸಲ ಜೊತೆಯಾಗಿ ಮೂರು ವಾರ ತುಂಬಬೇಕು, ಆಗ ಪಟ್ಟಿ ಹೇಳಿದ್ದನ್ನ ನಂಬಬಹುದು. ಇನ್ನೂ ಹನ್ನೊಂದು ದಿನ.”

ಹನ್ನೊಂದು ದಿನ ಎಂಬ ಮಾತು ಕೋಣೆಯಲ್ಲಿ ಕುರ್ಚಿ ಎಳೆದುಕೊಂಡು ಕೂತಿತು.

“ಮುಟ್ಟೇ ಬಂದಿಲ್ವಲ್ಲ ಅಕ್ಕ, ಬಸಿರು ಹೇಗೆ ನಿಲ್ಲುತ್ತೆ?”

“ಮೊದಲು ಮೊಟ್ಟೆ ಬಿಡುತ್ತೆ, ಎರಡು ವಾರ ಆದ್ಮೇಲೆ ಮುಟ್ಟು. ಮುಟ್ಟು ಬಂದ್ಮೇಲೆ ಎಚ್ಚರ ಆಗ್ತೀನಿ ಅಂದ್ರೆ ಬಸ್ಸು ಹೋದ್ಮೇಲೆ ಸೀಟಿ ಊದಿದ ಹಾಗೆ. ನೋಡಮ್ಮ, ಮೊಟ್ಟೇನ ತಡೆಯೋದು ಹಾಲಲ್ಲ, ಮಗು ಚೀಪೋದು. ಹಗಲು ನಾಲ್ಕು ಗಂಟೆ ದಾಟದ ಹಾಗೆ, ರಾತ್ರಿ ಆರು ಗಂಟೆ ದಾಟದ ಹಾಗೆ ಎದೆಗೆ ಬಾಯಿ ಇಡ್ತಾ ಇದ್ರೆ ಮೈ ಆ ಕೆಲಸ ನಿಲ್ಲಿಸಿರುತ್ತೆ. ನೀನು ದಿನಾ ಒಂಬತ್ತು ಗಂಟೆ ಆಚೆ. ಹಿಂಡಿಟ್ಟು ಬಂದಿದ್ರೂ ಮಗೂಗೆ ಒಳ್ಳೇದಾಗ್ತಿತ್ತು, ನಿನಗೆ ಪೂರ್ತಿ ಕಾವಲು ಆಗ್ತಿರಲಿಲ್ಲ.”

“ನೀವು ಬರೀ ಹಾಲು ಅಂದ್ರಿ.”

“ಅಂದೆ.”

“ಎದೆ ಹಾಲು ಅನ್ನಲಿಲ್ಲ.”

ನರ್ಸಮ್ಮ ಮೇಜಿನ ಮೇಲಿನ ಹತ್ತಿಯನ್ನು ಸುಮ್ಮನೆ ಸುತ್ತಿ ಸುತ್ತಿ ಉಂಡೆ ಮಾಡಿದಳು. ಹದಿನೆಂಟು ವರ್ಷದಿಂದ ಅದೇ ಮಾತು, ಅದೇ ಗಂಟಲು. ಯಾವ ಹಾಲು ಎಂದು ಯಾರೂ ಕೇಳಿರಲಿಲ್ಲ. ಬಾಣಂತಿಗೆ ಹಾಲು ಅಂದರೆ ಒಂದೇ ಹಾಲು ಎಂದು ಅವಳು ತಿಳಿದಿದ್ದಳು. ಬಾಟಲಿ, ಪಾಕೆಟ್, ಡಬ್ಬದ ಪುಡಿ ಎಲ್ಲವೂ ಅದೇ ಹೆಸರಿನಲ್ಲಿ ಓಡಾಡುವುದು ಅವಳಿಗೆ ಹೊಳೆದಿರಲಿಲ್ಲ. ಆ ವಾರ್ಡಿನಿಂದ ಎಷ್ಟು ಹೆಂಗಸರು ಆ ಎರಡು ಪದ ಕಟ್ಟಿಕೊಂಡು ಹೋಗಿದ್ದಾರೋ.

“ಹನ್ನೊಂದು ದಿನ ಅವರನ್ನ ದೂರ ಇಡು. ಇಲ್ಲ ಅಂದ್ರೆ ಇದನ್ನ ಕೊಡು” ಎಂದು ಒಂದು ಕಾಂಡೋಮ್ ಪೊಟ್ಟಣ ಚೀಲಕ್ಕೆ ತುರುಕಿದಳು. “ಹನ್ನೊಂದನೇ ದಿನ ಒಂದೇ ಗೆರೆ ಬಂದ್ರೆ ಅವತ್ತೇ ಬಾ, ಕಾಪರ್ ಟಿ, ಅದೇ ಬಸಿರು ತಡೆಯೋ ವಂಕಿ, ಹಾಕ್ತೀನಿ. ಹಾಲಿಗೆ ಏನೂ ಆಗಲ್ಲ.”

“ಎರಡು ಬಂದ್ರೆ?”

“ಆಗಲೂ ಅವತ್ತೇ ಬಾ.” ನರ್ಸಮ್ಮ ಆ ದಿನಕ್ಕೆಂದು ಇನ್ನೊಂದು ಪಟ್ಟಿಯನ್ನೂ ಚೀಲಕ್ಕೆ ಹಾಕಿದಳು.

ಮನೆ ಅಂದರೆ ಸಾಲುಮನೆಗಳಲ್ಲಿ ಮೂರನೆಯದು. ಅಡುಗೆ ಮಾಡುವಲ್ಲೇ ಮಲಗಬೇಕು, ಮಲಗುವಲ್ಲೇ ತೊಟ್ಟಿಲು. ನಾಲ್ಕು ಮನೆಗೆ ಒಂದು ಪಾಯಿಖಾನೆ. ಇವಳು ಬಂದಾಗ ಅತ್ತೆ ಬಾಟಲಿಯನ್ನು ಕುದಿಯುವ ನೀರಿನಲ್ಲಿ ಅದ್ದಿ ತೊಳೆಯುತ್ತಿದ್ದರು. ಆ ಶ್ರದ್ಧೆಯನ್ನು ನೋಡಿ ಇವಳಿಗೆ ಅಳುವೂ ಬಂತು, ಬಾಟಲಿಯನ್ನು ಗೋಡೆಗೆ ಬಡಿಯಬೇಕು ಅಂತಲೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ. ಕೂಸನ್ನು ಎತ್ತಿ ಎದೆಗೆ ಹಾಕಿಕೊಂಡು ಗಂಡ ಬರುವುದನ್ನು ಕಾದಳು.

ಗಂಡ ಬಂದು ಕೈಯ ಮಸಿ ತೊಳೆಯುತ್ತಿದ್ದಾಗ ಹೇಳಿದಳು. ಸುತ್ತಿ ಬಳಸಿ ಹೇಳುವ ಹೆಂಗಸಲ್ಲ.

“ಬಸಿರು ನಿಂತಿರಬಹುದು. ಗೊತ್ತಾಗೋಕೆ ಹನ್ನೊಂದು ದಿನ ಬೇಕು.”

ಅವನ ಕೈಯಿಂದ ಸೋಪು ಜಾರಿ ಬಚ್ಚಲಿಗೆ ಬಿತ್ತು. “ಹಾಲು ಕುಡಿಸ್ತಿದೀಯಲ್ಲೇ. ನರ್ಸ್ ಹೇಳಿದ್ದಳಲ್ಲ.”

“ಎದೆ ಹಾಲು ಮಾತ್ರ ಅಂತೆ. ಪಾಕೆಟ್ ಲೆಕ್ಕಕ್ಕಿಲ್ಲ.”

“ಲೆಕ್ಕಕ್ಕಿಲ್ಲ ಅಂದ್ರೆ? ಅಮ್ಮ, ನೀನೇನು ಕುಡಿಸ್ತಿದ್ದೆ ಇಷ್ಟು ದಿನ?”

“ರೀ, ಅವರ ಮೇಲೆ ಹೋಗ್ಬೇಡಿ. ಪಾಕೆಟ್ ತಂದುಕೊಡ್ತಿದ್ದೋರು ನೀವೇ” ಅಂದಳು.

ಅವನು ಕೂತ. ಎದ್ದ. ಮತ್ತೆ ಕೂತ. ಗೋಡೆಯ ಕ್ಯಾಲೆಂಡರ್ ಕಡೆ ಕೈ ಮಾಡಿ, “ನನ್ನ ಜೊತೆ ಕೆಲಸ ಮಾಡೋನೊಬ್ಬ ದಿನ ಎಣಿಸ್ತಾನೆ. ಇಂತಿಂಥ ದಿನ ಬಿಟ್ರೆ ಏನೂ ಆಗಲ್ವಂತೆ. ಮುಂದಕ್ಕೆ ಹಾಗೆ ಮಾಡೋಣ” ಅಂದ.

“ಯಾವ ದಿನದಿಂದ ಎಣಿಸ್ತೀರಿ?”

“ಮುಟ್ಟಿನ ದಿನದಿಂದ.”

“ಮುಟ್ಟೇ ಬಂದಿಲ್ಲ. ಬಸ್ಸು ಹೊರಡೋ ಸ್ಟಾಪೇ ಇಲ್ಲ, ನೀವು ಮೂರನೇ ಸ್ಟಾಪ್ ಹುಡುಕ್ತಿದೀರಿ.”

ಅಷ್ಟರಲ್ಲಿ ಅತ್ತೆ ಬಾಟಲಿಯನ್ನು ಮೊರದ ಮೇಲೆ ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ಬಂದರು.

“ನಿಮ್ಮಣ್ಣನಿಗೂ ನಿನಗೂ ಎಷ್ಟು ಅಂತರವೋ?” ಎಂದು ಮಗನನ್ನು ಕೇಳಿದರು.

“ಅದೆಲ್ಲ ಈಗ ಯಾಕಮ್ಮ?”

“ಹೇಳು.”

“ಹನ್ನೊಂದು ತಿಂಗಳು.”

“ನಾನು ಗಿರಣಿಗೆ ಹೋಗ್ತಿದ್ದೆ. ನಿಮ್ಮಣ್ಣನ್ನ ನಮ್ಮಕ್ಕನ ಹತ್ರ ಬಿಟ್ಟು ಹೋಗ್ತಿದ್ದೆ. ಅವಳು ಎಮ್ಮೆ ಹಾಲು ಹಾಕೋಳು. ಹಾಲು ಕುಡಿಸೋ ಹೆಂಗಸಿಗೆ ಬಸಿರು ನಿಲ್ಲಲ್ಲ ಅಂತ ನನಗೂ ಹೇಳಿದ್ರು. ನಿಂತಿತು. ನೀನು ಹುಟ್ಟಿದೆ. ನನ್ನ ಮೈಯೇ ಸರಿಯಿಲ್ಲ ಅಂತ ಎಲ್ಲರೂ ಆಡಿಕೊಂಡ್ರು, ನಾನೂ ಹಾಗೇ ತಿಳ್ಕೊಂಡಿದ್ದೆ. ನಿನಗೆಷ್ಟು ವಯಸ್ಸೀಗ, ಮೂವತ್ತಾ? ಮೂವತ್ತು ವರ್ಷ ಆದ್ಮೇಲೆ ಇವತ್ತು ಗೊತ್ತಾಯ್ತು ನನಗೆ.”

ಮಗ ತಾಯಿಯನ್ನೇ ನೋಡಿದ. ತಾನು ಹುಟ್ಟಿದ್ದೇ ಎಮ್ಮೆ ಹಾಲಿನ ದೆಸೆಯಿಂದ ಎಂದು ತಿಳಿದ ಗಂಡಸಿನ ಮುಖ ಹೇಗಿರಬೇಕೋ ಹಾಗಿತ್ತು. ಬೇರೆ ದಿನವಾಗಿದ್ದರೆ ಹೆಂಡತಿ ಬಿದ್ದು ಬಿದ್ದು ನಗುತ್ತಿದ್ದಳು.

“ನನಗೇನೂ ಆಗಲಿಲ್ಲ, ಗಟ್ಟಿ ಇದ್ದೆ” ಎಂದು ಅತ್ತೆ ಸೊಸೆಯ ಕಡೆ ತಿರುಗಿದರು. “ನಿನ್ನ ಹೊಟ್ಟೆ ಹರಿದಿದೆ ಕಣೇ. ನಾನೇ ಕೈಯಾರೆ ಕುಡಿಸಿದ್ನಲ್ಲ.” ಅತ್ತೆ ಅಳಲಿಲ್ಲ. ಬಾಟಲಿಯನ್ನು ಮತ್ತೆ ತೊಳೆಯಲು ಹೋದರು.

ಆ ದಿನದಿಂದ ಗಂಡ ಹೊರಗಿನ ಜಗುಲಿಯ ಮೇಲೆ ಚಾಪೆ ಹಾಕಿದ. ಸಾಲುಮನೆಯವರು ಕಿಸಕ್ಕೆಂದರು, ಹೆಂಡತಿ ಆಚೆ ತಳ್ಳಿದಳೇನೋ ಎಂದು ಪಕ್ಕದ ಮನೆಯವಳು ಕೇಳಿಯೇಬಿಟ್ಟಳು. “ಒಳಗೆ ಸೆಖೆ” ಎಂದ. ಅಷ್ಟರ ಮಟ್ಟಿಗೆ ಒಳ್ಳೆಯವನು.

ಎಣಿಕೆ ಶುರುವಾಯಿತು. ಕಾಯುವುದು ಕಂಡಕ್ಟರ್ ಕೆಲಸದ ಅರ್ಧ. ಮೂತ್ರ ತಡೆಯುವುದು ಇನ್ನರ್ಧ, ಯಾಕೆಂದರೆ ದಾರಿಯಲ್ಲಿ ಹೆಂಗಸರು ಹೋಗುವಂಥ ಜಾಗ ಒಂದೂ ಇಲ್ಲ. ಆದರೆ ಈ ಕಾಯುವಿಕೆ ಬೇರೆ. ಡೀಸೆಲ್ ವಾಸನೆಗೆ ಹೊಟ್ಟೆ ತೊಳಸಿದರೆ ಅದು ಡೀಸೆಲ್ಲೋ ಬೇರೆಯೋ? ಎದೆ ಭಾರವಾದರೆ ಅದು ಹಾಲೋ ಬೇರೆಯೋ? ಮಧ್ಯಾಹ್ನ ಕಣ್ಣು ಎಳೆದರೆ ಅದು ಐದು ತಿಂಗಳ ಕೂಸಿನ ತಾಯಿಯ ನಿದ್ದೆಯೋ ಬೇರೆಯೋ? ಬಸ್ಸಿನಲ್ಲಿ ಯಾರದೋ ಮಗು ಅತ್ತರೆ ಇವಳ ಎದೆಯಿಂದ ಹಾಲು ಒಸರಿ, ಒಳಗಿಟ್ಟ ಬಟ್ಟೆಯ ಮಡಿಕೆ ದಾಟಿ ಖಾಕಿ ಅಂಗಿ ತೋಯುತ್ತಿತ್ತು. ಚೀಲವನ್ನು ಮೇಲಕ್ಕೆ ಎಳೆದುಕೊಂಡು ಮುಚ್ಚುತ್ತಿದ್ದಳು. ಮೈ ಹೇಳುವ ಪ್ರತಿ ಮಾತಿಗೂ ಎರಡೆರಡು ಅರ್ಥ. ಮೈಯೂ ಆ ನರ್ಸಮ್ಮನ ಹಾಗೇ ಮಾತಾಡುತ್ತಿದೆ ಅನ್ನಿಸಿತು.

ಐದನೇ ದಿನ ಮಾರ್ಕೆಟ್ ಸ್ಟಾಪಿನಲ್ಲಿ ಅದು ನಡೆಯಿತು. ಒಬ್ಬ ಅಜ್ಜಿ ತರಕಾರಿ ಚೀಲ ಹೊತ್ತು ಹತ್ತುತ್ತಿದ್ದರು. ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ರಸ್ತೆಯ ಮೇಲೆ. ಇವಳು ಅದೇ ಕಡೆ ನೋಡುತ್ತಿದ್ದಳು, ಆದರೆ ಕಾಣುತ್ತಿದ್ದದ್ದು ಬಿಳಿ ಪಟ್ಟಿಯ ಮೇಲಿನ ಎರಡು ಗೆರೆ. “ರೈಟ್” ಅಂದುಬಿಟ್ಟಳು. ಬಸ್ಸು ಮುಂದಕ್ಕೆ ಜಗ್ಗಿತು. ಅಜ್ಜಿಯ ಕೈ ಕಂಬಿಯಿಂದ ಜಾರಿತು. ಡ್ರೈವರಣ್ಣ ಕನ್ನಡಿಯಲ್ಲಿ ಕಂಡು ಬ್ರೇಕಿನ ಮೇಲೆ ನಿಂತೇಬಿಟ್ಟ. ಅಜ್ಜಿ ಬೀಳಲಿಲ್ಲ. ಚೀಲ ಬಿತ್ತು, ಈರುಳ್ಳಿ ರಸ್ತೆಯ ತುಂಬ ಉರುಳಿದವು.

“ಕಣ್ಣು ಎಲ್ಲಿಟ್ಟಿದ್ಯೇ?” ಎಂದು ಅಜ್ಜಿ ಬೈದರು. “ನನ್ನ ಸೊಸೆ ಕಾಯ್ತಿರೋ ಕೆಲಸ ನೀನೇ ಮುಗಿಸ್ತಿದ್ದೆ.”

ಜನ ನಕ್ಕರು. ಇವಳು ರಸ್ತೆಗಿಳಿದು ಮಂಡಿಯೂರಿ ಈರುಳ್ಳಿ ಆರಿಸಿದಳು.

ಕೊನೇ ಸ್ಟಾಪಿನಲ್ಲಿ ಚಹಾದ ಲೋಟ ಹಿಡಿದು ಡ್ರೈವರಣ್ಣ ಕೇಳಿದ. “ತಂಗಿ, ಆರು ವರ್ಷದಲ್ಲಿ ನೀನು ತಪ್ಪು ರೈಟ್ ಕೊಟ್ಟವಳಲ್ಲ. ಏನಾಗಿದೆ?”

ನಿವೃತ್ತಿಗೆ ಎಂಟು ತಿಂಗಳು ಉಳಿದ ಮನುಷ್ಯ. ಇವಳು ಹೇಳಬಾರದೆಂದುಕೊಂಡೇ ಹೇಳಿದಳು. ಅವನು ಲೋಟದೊಳಕ್ಕೆ ನೋಡುತ್ತ ಕೇಳಿಸಿಕೊಂಡ.

“ನಮ್ಮನೆಯವಳು ಐದು ಹೆತ್ತಳು” ಅಂದ. “ಒಂದು ಸಲಾನೂ ಅವಳು ಹೀಗೆ ದಿನ ಎಣಿಸ್ತಿದ್ಲಾ ಅಂತ ನಾನು ಕೇಳಿಲ್ಲ. ಎಣಿಸ್ತಿದ್ಲೇನೋ.” ಚಹಾ ಮುಗಿಸಿ, ಲೋಟ ತೊಳೆದಿಟ್ಟು, “ಇನ್ನು ಆರು ದಿನ ನಾನು ಎರಡು ಸಲ ಕನ್ನಡಿ ನೋಡ್ತೀನಿ. ನೀನು ಒಂದು ಸಲ ನೋಡು, ಸಾಕು” ಅಂದ.

ಹತ್ತನೇ ದಿನ ಡಿಪೋದ ಟೈಮ್ ಕೀಪರ್ ಮೇಜಿನ ಮುಂದೆ ನಿಂತಳು. ಮರುದಿನ ಡ್ಯೂಟಿ ಮುಗಿದ ಮೇಲೆ ಹೆಚ್ಚುವರಿ ಟ್ರಿಪ್ ಹಾಕಬೇಡಿ ಎಂದು ಕೇಳಬೇಕಿತ್ತು.

“ಯಾಕೆ?”

“ಆಸ್ಪತ್ರೆಗೆ ಹೋಗ್ಬೇಕು ಸಾರ್.”

“ಈಗ ತಾನೇ ಬಾಣಂತಿ ರಜೆ ಮುಗಿಸಿ ಬಂದಿದೀಯ. ಮತ್ತೆ ಒಂದಾ?” ಪಕ್ಕದಲ್ಲಿ ಕೂತಿದ್ದ ಇಬ್ಬರು ಹಲ್ಲು ಬಿಟ್ಟರು.

ಇವಳು ದನಿ ಏರಿಸಲಿಲ್ಲ. “ಸಾರ್, ಹೆಂಗಸರ ಪಾಯಿಖಾನೆ ಚಿಲಕ ಮುರಿದು ಒಂದು ವರ್ಷ ಆಯ್ತು. ನಾನು ಬಸಿರಿದ್ದಾಗಲೂ ಒಂದು ಕೈಯಲ್ಲಿ ಬಾಗಿಲು ಹಿಡ್ಕೊಂಡೇ ಕೂರ್ತಿದ್ದೆ. ಮಗು ಕರ್ಕೊಂಡು ಬಂದು ಹಾಲು ಕೊಡೋಕೆ ಒಂದು ಕೋಣೆ ಕೇಳಿ ಇಪ್ಪತ್ತೊಂದು ಜನ ಸಹಿ ಹಾಕಿ ಕೊಟ್ವಿ, ಆ ಕಾಗದ ನಿಮ್ಮ ಗಾಜಿನ ಕೆಳಗೇ ಇದೆ, ಅದರ ಮೇಲೆ ನೀವು ಲೋಟ ಇಟ್ಟಿದೀರಿ. ಆ ಕೋಣೆ ಇದ್ದಿದ್ರೆ ನಾನು ನಾಳೆ ಆಸ್ಪತ್ರೆಗೆ ಹೋಗೋ ಹಾಗೇ ಇರಲಿಲ್ಲ. ಹಾಗಾಗಿ ಒಂದಾ ಎರಡಾ ಅಂತ ನನ್ನ ಕೇಳ್ಬೇಡಿ.”

ಹಲ್ಲುಗಳು ಒಳಗೆ ಹೋದವು. ಟೈಮ್ ಕೀಪರ್ ಲೋಟ ಎತ್ತಿದ. ಅದರ ಅಡಿಯ ಗಾಜಿನ ಮೇಲೆ ಚಹಾದ ಉಂಗುರ ಇತ್ತು. ನಾಳಿನ ಹೆಚ್ಚುವರಿ ಟ್ರಿಪ್ಪಿನ ಹಾಳೆಯಲ್ಲಿ ಇವಳ ಹೆಸರಿನ ಮೇಲೆ ಗೀಟು ಎಳೆದ.

ಹನ್ನೊಂದನೇ ದಿನ. ಎದ್ದ ಕೂಡಲೇ ಬರುವ ಮೂತ್ರವೇ ಸರಿಯಾದ್ದು ಎಂದು ನರ್ಸಮ್ಮ ಪಟ್ಟಿ ಕೊಡುವಾಗ ಹೇಳಿದ್ದಳು. ಮನೆಯ ಪಾಯಿಖಾನೆಯ ಮುಂದೆ ಆಗಲೇ ಮೂರು ಜನ ತಂಬಿಗೆ ಹಿಡಿದು ನಿಂತಿದ್ದರು. ಒಳಗೆ ಐದು ನಿಮಿಷ ಕೂತರೆ ಬಾಗಿಲು ಬಡಿಯುತ್ತಾರೆ. ಇವಳು ತಡೆದುಕೊಂಡೇ ಡಿಪೋದವರೆಗೂ ನಡೆದಳು. ಹೊಲಿಗೆಯ ಜಾಗ ಎಳೆಯುತ್ತಿತ್ತು. ಹೆಜ್ಜೆಗೊಂದು ಸಲ ಎರಡು ಗೆರೆ, ಹೆಜ್ಜೆಗೊಂದು ಸಲ ಒಂದು ಗೆರೆ.

ಚಿಲಕವಿಲ್ಲದ ಬಾಗಿಲ ಮುಂದೆ ಡ್ರೈವರಣ್ಣನನ್ನು ನಿಲ್ಲಿಸಿದಳು. ಅವನು ನಾಚಿಕೆಗೆ ಹತ್ತು ಮಾರು ದೂರ ಹೋಗಿ, ಬೆನ್ನು ತಿರುಗಿಸಿ, ಗಟ್ಟಿಯಾಗಿ ಕೆಮ್ಮುತ್ತ ನಿಂತ. ಪೊರಕೆ ಹಿಡಿದು ಬಂದ ಒಬ್ಬನನ್ನು “ಆ ಕಡೆ ಹೋಗಯ್ಯ, ಹಾವು ಹೊಕ್ಕಿದೆ” ಎಂದು ಅಟ್ಟಿದ.

ಒಳಗೆ ಅವಳು ಪಟ್ಟಿಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು, ಮೂರು ಹನಿ ಬಿಟ್ಟು, ಕೈಗಡಿಯಾರ ನೋಡಿದಳು. ಐದು ನಿಮಿಷ. ತೇವ ಪಟ್ಟಿಯ ಮೇಲೆ ಹರಿಯತೊಡಗಿತು. ಮೊದಲ ಗೆರೆ ಬೇಗ ಮೂಡಿತು. ಅದು ಮೂಡಲೇಬೇಕಾದ್ದು. ಎರಡನೆಯದರ ಜಾಗವನ್ನು ರೆಪ್ಪೆ ಬಡಿಯದೆ ನೋಡಿದಳು. ನೋಡಿ ನೋಡಿ ಅಲ್ಲಿ ಇಲ್ಲದ್ದೂ ಕಂಡಿತು. ಕಣ್ಣು ಮುಚ್ಚಿ ತೆರೆದಳು. ಅತ್ತೆಯ ಕೈಯಲ್ಲಿ ಒಂದು ಕೂಸು, ಗೋಡೆಯ ಮೇಲೆ ತನ್ನ ಫೋಟೊ, ಹೀಗೊಂದು ಚಿತ್ರ ಹತ್ತು ದಿನದಿಂದ ಹಿಂದೆ ಬಿದ್ದಿತ್ತು. ಅದು ಈಗ ಎದುರಿಗೇ ಬಂದು ನಿಂತಿತು. ಆಚೆ ಯಾವುದೋ ಬಸ್ಸು ಸ್ಟಾರ್ಟ್ ಆಯಿತು. ಮೂರು ನಿಮಿಷ. ನಾಲ್ಕು.

ಐದು ಮುಗಿದು ಆರಕ್ಕೆ ಮುಳ್ಳು ಹೋಯಿತು. ಒಂದೇ ಗೆರೆ.

ಅವಳು ಪಟ್ಟಿಯನ್ನು ಬೆಳಕಿಗೆ ಹಿಡಿದು, ತಲೆಕೆಳಗು ಮಾಡಿ, ಓರೆ ಮಾಡಿ ನೋಡಿದಳು. ಒಂದೇ. ಆಮೇಲೆ ಗೋಡೆಗೆ ಒರಗಿದಳು.

ಹೊರಗೆ ಬಂದಾಗ ಡ್ರೈವರಣ್ಣ ತಿರುಗಿ ನೋಡಲಿಲ್ಲ. “ಟೈಮಾಯ್ತು ತಂಗಿ” ಅಂದ ಅಷ್ಟೇ.

“ರೈಟ್ ಅಣ್ಣ” ಅಂದಳು.

ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡು ಸ್ಟೀರಿಂಗ್ ಹತ್ತಿರ ಹೋದ. ಅವತ್ತಿನ ಮೊದಲ ಟ್ರಿಪ್ಪಿನಲ್ಲಿ ಹತ್ತಿದ ನರ್ಸಮ್ಮನಿಗೆ ಇವಳು ಒಂದು ಬೆರಳು ಎತ್ತಿ ತೋರಿಸಿದಳು. ನರ್ಸಮ್ಮ ಕಂಬಿ ಹಿಡಿದು ಕಣ್ಣು ಮುಚ್ಚಿದಳು.

ಮಧ್ಯಾಹ್ನ ಎರಡೂವರೆಗೆ ಆಸ್ಪತ್ರೆಯ ಸ್ಟಾಪಿನಲ್ಲಿ ಇಳಿದು ಒಳಗೆ ಹೋದರೆ, ಕಾಯುವ ಬೆಂಚಿನ ಮೇಲೆ ಅತ್ತೆ. ಮಡಿಲಲ್ಲಿ ಕೂಸು. ಸುತ್ತ ಏಳೆಂಟು ಬಾಣಂತಿಯರು, ಬಸುರಿಯರು. ಪರದೆಯ ಪಕ್ಕದಲ್ಲಿ ಬಿಳಿ ಬಟ್ಟೆಯ ನರ್ಸಮ್ಮ, ತಪ್ಪು ಮಾಡಿದ ಶಾಲೆ ಹುಡುಗಿಯ ಹಾಗೆ. ಅತ್ತೆ ಒಬ್ಬರೇ ಎರಡು ಬಸ್ಸು ಬದಲಿಸಿ ಬಂದಿದ್ದರು. ಬಂದು ಸುಮ್ಮನೆ ಕೂತಿರಲಿಲ್ಲ.

“ಇನ್ನೊಂದು ಸಲ ಹೇಳಿ ನರ್ಸಮ್ಮ. ಎಲ್ಲರಿಗೂ ಕೇಳಿಸಲಿ. ಬರೀ ಹಾಲು ಅಂದ್ರೆ ಯಾವ ಹಾಲು?”

“ಎದೆ ಹಾಲು ಅಜ್ಜಿ.”

“ಪಾಕೆಟ್?”

“ಅಲ್ಲ.”

“ಎಮ್ಮೇದು?”

“ಅದೂ ಅಲ್ಲ. ಪುಡೀದೂ ಅಲ್ಲ.”

“ತಾಯಿ ಕೆಲಸಕ್ಕೆ ಹೋದ್ರೆ?”

“ನಾಲ್ಕು ಗಂಟೆ ದಾಟಿದ್ರೆ ಅದನ್ನ ನಂಬ್ಕೊಂಡು ಕೂರಬಾರದು. ಆರು ತಿಂಗಳಾದ್ರೂ ನಂಬಬಾರದು, ಮುಟ್ಟು ಬಂದ್ರೂ ನಂಬಬಾರದು. ಬೇರೆ ವ್ಯವಸ್ಥೆ ಮಾಡ್ಕೋಬೇಕು.”

“ಕೇಳಿಸ್ಕೊಂಡ್ರಾ?” ಎಂದು ಅತ್ತೆ ಬೆಂಚಿನ ಉದ್ದಕ್ಕೂ ನೋಡಿದರು. ಒಬ್ಬ ಚಿಕ್ಕ ಪ್ರಾಯದ ತಾಯಿ ತನ್ನ ಚೀಲದಿಂದ ಇಣುಕುತ್ತಿದ್ದ ಹಾಲಿನ ಬಾಟಲಿಯನ್ನು ಮೆಲ್ಲಗೆ ಒಳಕ್ಕೆ ತಳ್ಳಿದಳು. ಅವಳ ಮುಖದ ಬಣ್ಣ ಹೋಗಿತ್ತು. ನರ್ಸಮ್ಮ ಅದನ್ನು ಕಂಡಳು. “ನೀನು ಇರು, ಆಮೇಲೆ ಮಾತಾಡೋಣ” ಅಂದಳು.

ಸೊಸೆಯನ್ನು ಕಂಡು ಅತ್ತೆ ಮಾತು ನಿಲ್ಲಿಸಿದರು. ಮುಖವನ್ನೇ ನೋಡಿದರು.

“ಒಂದೇ ಗೆರೆ ಅತ್ತೆ.”

ಅತ್ತೆ ಕೂಸನ್ನು ಅವಳ ಕೈಗೆ ಹಾಕಿ, ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದರು. ಅಲ್ಲಿಂದಲೇ, “ಆ ವಂಕಿ ಹಾಕಿಸ್ಕೊಂಡೇ ಬಾ. ನಾನು ಕದಲಲ್ಲ ಇಲ್ಲಿಂದ” ಅಂದರು.

ಕೂಸು ತಾಯಿಯ ವಾಸನೆ ಹಿಡಿದು ಆಗಲೇ ಖಾಕಿ ಅಂಗಿಯ ಗುಂಡಿಯನ್ನು ಬಾಯಲ್ಲಿ ಹುಡುಕುತ್ತಿತ್ತು. ಬೆಂಚಿನ ತುದಿಯಲ್ಲಿ ಕೂತು ಎದೆಗೆ ಹಾಕಿಕೊಂಡಳು. ಬೆಳಗಿನಿಂದ ಕಲ್ಲಾಗಿದ್ದ ಎದೆ ಜುಮ್ಮೆಂದು ಇಳಿಯತೊಡಗಿತು. ಒಳಗೆ ತಟ್ಟೆ, ಚಿಮ್ಮಟಗಳ ಸದ್ದಾಯಿತು. ಪರದೆ ಸರಿಸಿ ನರ್ಸಮ್ಮ ಕರೆದಳು.

“ಬಾಮ್ಮ, ಎಲ್ಲ ರೆಡಿ.”

ಕೂಸು ಬಿಡಲಿಲ್ಲ. ಬೆರಳು ಹಾಕಿ ಬಿಡಿಸಲು ನೋಡಿದಳು, ಇನ್ನೂ ಗಟ್ಟಿಯಾಗಿ ಕಚ್ಚಿತು.

“ಹೋಲ್ಡಾನ್ ಅಕ್ಕ” ಅಂದಳು ಕಂಡಕ್ಟರಮ್ಮ. “ಇವಳಿನ್ನೂ ಇಳಿದಿಲ್ಲ.”